ಉಣ್ಣು ಅನ್ನಬಾರದ ಮನೆ

ನನ್ನ ತಮ್ಮನಿಗೆ ಎರಡೂವರೆ ವರ್ಷವಿದ್ದಾಗ, ಅವನಿಗೆ ಉಣಿಸಲು ಕೂತು ನಮ್ಮ ಮನೆಯ ಹೆಂಗಸರೆಲ್ಲ ದಿನಾ ಸಂಜೆ ಸೋಲುತ್ತಿದ್ದರು. ರೊಟ್ಟಿ ಮುರಿದು ಕೊಟ್ಟರೆ 'ಮುರೀತು' ಎಂದು ಅಳು. ಮುರಿಯದೆ ಇಡೀ ಕೊಟ್ಟರೆ ದೊಡ್ಡದಾಯಿತೆಂದು ಅಳು. ಬೇಳೆಯಲ್ಲಿ ಒಂದು ಸಾಸಿವೆ ಕಾಳು ಕಂಡರೆ ಸಾಕು, ಹುಳ ಕಂಡವರಂತೆ ತುಟಿ ಬಿಗಿದು ಮುಖ ತಿರುಗಿಸುತ್ತಿದ್ದ. ಹಾಲು, ಬೆಲ್ಲ, ಒಂದು ಮುಷ್ಟಿ ಅನ್ನ, ಇಷ್ಟರ ಮೇಲೆ ಆ ಕೂಸಿನ ಜೀವ ನಡೆಯುತ್ತಿತ್ತು. ಅನ್ನವೂ ನಮ್ಮ ಕಡೆ ಆಗ ದಿನಾ ಬೇಯಿಸುವಂಥದಲ್ಲ. ಹಬ್ಬಕ್ಕೆ, ಬೀಗರಿಗೆ, ಜ್ವರ ಬಂದವರಿಗೆ ಮಾತ್ರ.

ನಮ್ಮ ಮನೆ ಭಾಲ್ಕಿಯಲ್ಲಿತ್ತು, ಸ್ಟೇಷನ್ ದಾರಿಯಿಂದ ಎರಡು ಓಣಿ ಒಳಗೆ. ಆಗ ನಾವು ಹೈದರಾಬಾದ್ ಸಂಸ್ಥಾನದವರು. ಆ ವರ್ಷ ಬೇಸಿಗೆಯಲ್ಲೇ ಊರಿನ ಎಷ್ಟೋ ಗಂಡಸರು ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದರು, ಅಪ್ಪನೂ ಹೋಗಿದ್ದ. ನಿಜಾಮರ ಪರವಾಗಿ ಬಂದೂಕು ಹಿಡಿದು ಊರೂರು ತಿರುಗುತ್ತಿದ್ದವರ ಹೆದರಿಕೆ ಅಷ್ಟಿತ್ತು. ಮನೆಯಲ್ಲಿ ಉಳಿದವರು ನಾಲ್ವರೇ: ಅಪ್ಪನ ತಾಯಿ ಆಯಿ, ನಮ್ಮವ್ವ, ಒಂಬತ್ತು ವರ್ಷದ ನಾನು, ಉಣ್ಣದ ತಮ್ಮ. ಆಯಿ ಮತ್ತು ಅವ್ವನ ಕೈಯಲ್ಲಿ ಇದ್ದದ್ದು ಒಂದೇ ಉಪಾಯ.

"ಬಂದೂಕಿನವ ಬಂದ ನೋಡು! ಉಣ್ಣು, ಇಲ್ಲಂದ್ರ ಒಯ್ತಾನ!"

ತಮ್ಮ ಹೆದರಿ ಬಾಯಿ ತೆರೆಯುತ್ತಿದ್ದ. ತುತ್ತು ಒಳಗೆ ಹೋಗುತ್ತಿತ್ತು. ಕೆನ್ನೆಯಲ್ಲಿ ಇಟ್ಟುಕೊಂಡು ಕೂತು, ಯಾರೂ ನೋಡದಾಗ ಮೂಲೆಗೆ ಹೋಗಿ ಉಗುಳುತ್ತಿದ್ದ.

ಆ ಮಳೆಗಾಲದಲ್ಲಿ ಔರಾದದಿಂದ ನಮ್ಮತ್ತಿ ಬಂದಳು. ಅಪ್ಪನ ತಂಗಿ. ಮದುವೆಯಾಗಿ ಮೂರು ವರ್ಷಕ್ಕೆ ಗಂಡ ಕಾಲರಾದಲ್ಲಿ ತೀರಿಹೋಗಿದ್ದ, ಮಕ್ಕಳಾಗಿರಲಿಲ್ಲ. ಆದರೂ ಅವಳು ಗಂಡನ ಮನೆಯಲ್ಲೇ ಉಳಿದು ಭಾವನ ಐದು ಮಕ್ಕಳನ್ನು ಎತ್ತಿ ಆಡಿಸಿ ಬೆಳೆಸಿದ್ದಳು. ಆಗ ಅವಳಿಗೆ ಇಪ್ಪತ್ತೈದರ ಆಸುಪಾಸು ಇರಬೇಕು. ತೆಳ್ಳಗೆ, ಉದ್ದಕ್ಕೆ ಇದ್ದಳು, ಮಾತು ಕಡಿಮೆ. ಅವ್ವ ಮತ್ತು ಆಯಿ ಇಬ್ಬರೇ ಇದ್ದಾರೆಂದು ಕೇಳಿ, ಭಾವನ ಬಂಡಿಯಲ್ಲಿ ಒಂದು ಗಂಟು ಹೆಸರುಕಾಳು, ಒಂದು ಗಂಟು ಗೋಧಿ ಇಟ್ಟುಕೊಂಡು ಬಂದಿದ್ದಳು.

ಬಂದ ಸಂಜೆಯೇ ತಮ್ಮನ ಊಟ ನೋಡಿದಳು. ಅವನು ಮೂಲೆಯಲ್ಲಿ ಉಗುಳಿದ್ದನ್ನು ತಾನೇ ಬಳಿದು ಹಾಕಿ ಬಂದು ಅವ್ವನ ಎದುರು ಕೂತಳು.

"ವೈನಿ, ನಾಳಿಂದ ಈ ಮನ್ಯಾಗ ಯಾರೂ ಇವಂಗ ಉಣ್ಣು ಅನಬ್ಯಾಡ್ರಿ."

"ಅನಲಿಲ್ಲಂದ್ರ ಹ್ಯಾಂಗ ಉಣ್ತಾನ?" ಅವ್ವ ಕೇಳಿದಳು.

"ಅಂದಾಗೂ ಉಣ್ಣವಲ್ಲ ಅಲಾ. ಅನದೇ ನೋಡೋಣು. ಮತ್ತ, ಬಂದೂಕಿನವನ ಹೆಸರು ತಾಟಿನ ಮುಂದ ಎತ್ತಬ್ಯಾಡ್ರಿ. ಅಂಜಿಸಿ ಉಣಿಸಿದ್ದು ಮೈಗಿ ಹತ್ತಲ್ಲ."

ಆಯಿಗೆ ಸಿಟ್ಟು ಬಂತು. "ಹಡೀಲಾರದಾಕಿ ನಮಗ ಕೂಸಿಗಿ ಉಣಿಸೂದು ಕಲಸ್ತಾಳ," ಎಂದು ಗೊಣಗಿದಳು. ಸ್ವಂತ ಮಗಳಿಗೆ ತಾಯಿ ಅಂದ ಮಾತು. ಅದು ಅತ್ತಿಗೂ ಕೇಳಿಸಿತು, ನನಗೂ ಕೇಳಿಸಿತು. ಅವಳು ಎದ್ದು ಹೋಗಿ ಒಲೆಯ ಬೂದಿ ತೆಗೆಯತೊಡಗಿದಳು.

ಉಣ್ಣು ಅನ್ನದೆ ಇರುವುದು ಎಷ್ಟು ಕಷ್ಟವೆಂದು ಆಗಲೇ ನಮಗೆ ಗೊತ್ತಾದದ್ದು. ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ಕೂಡುತ್ತಿದ್ದಳು. ಅತ್ತಿ ತಮ್ಮನ ಮುಂದೆ ತಾಟಿಟ್ಟು ಅವನ ಕಡೆ ನೋಡದೆ ತಾನು ಉಣ್ಣುತ್ತ ನನ್ನ ಜೊತೆ ಮಾತಾಡುತ್ತಿದ್ದಳು. ಮೊದಲ ಐದಾರು ದಿನ ಅವನು ಏನೂ ಮುಟ್ಟಲಿಲ್ಲ, ಹಾಲು ಕುಡಿದು ಮಲಗಿದ. ಆದರೆ ಉಗುಳುವುದು ನಿಂತಿತು. ಅತ್ತಿ ಅದನ್ನೇ ದೊಡ್ಡದೆಂದು ಹೇಳಿದಳು.

ಅಷ್ಟರಲ್ಲಿ ಭಾರತದ ಸೈನ್ಯ ಸಂಸ್ಥಾನದೊಳಗೆ ಬಂತು, ಪೊಲೀಸ್ ಆಕ್ಷನ್ ಆಯಿತು. ನಾಲ್ಕೈದು ದಿನಗಳಲ್ಲಿ ಎಲ್ಲ ಮುಗಿಯಿತು, ನಿಜಾಮರ ಆಳ್ವಿಕೆ ಹೋಯಿತು ಎಂದು ಜನ ಓಣಿಯಲ್ಲಿ ಕೂಗಾಡಿದರು. ಮಿಲ್ಟ್ರಿ ಲಾರಿಗಳು ಬೀದರಿನ ದಾರಿಯಲ್ಲಿ ಹೋದವಂತೆ. ಆಯಿ ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕಿದಳು. ಅಪ್ಪ ಇನ್ನೇನು ಬರುತ್ತಾನೆಂದು ನಾನು ಕಟ್ಟೆಯ ಮೇಲೆ ಕೂತೆ. ಅಪ್ಪ ಬರಲಿಲ್ಲ. ಬಂದದ್ದು ಬೇರೆ ಸುದ್ದಿ. ಸುತ್ತಲಿನ ಹಳ್ಳಿಗಳಲ್ಲಿ ಸೇಡು ತೀರಿಸಿಕೊಳ್ಳುತ್ತಿದ್ದಾರೆ, ತಪ್ಪು ಮಾಡಿದವರು ಮಾಡದವರು ಎಂದು ನೋಡದೆ ಮುಸಲ್ಮಾನರ ಮನೆಗಳಿಗೆ ನುಗ್ಗುತ್ತಿದ್ದಾರೆ ಎಂದು.

ಒಂದು ಮಧ್ಯಾಹ್ನ ಹಿತ್ತಲ ಬಾಗಿಲು ಬಡಿಯಿತು. ನಮ್ಮ ಓಣಿಯ ಕೊನೆಯ ದರ್ಜಿಯ ಹೆಂಡತಿ. ನಾನು ಅವಳಿಗೆ ಖಾಲಾ ಅನ್ನುತ್ತಿದ್ದೆ. ನನ್ನ ಲಂಗಗಳನ್ನೆಲ್ಲ ಅವಳ ಗಂಡನೇ ಹೊಲಿದದ್ದು. ಕಂಕುಳಲ್ಲಿ ಎರಡು ವರ್ಷದ ಮಗಳು. ಗಂಡ ಹೊಲಿದ ಬಟ್ಟೆ ಕೊಡಲು ಔರಾದದ ಕಡೆ ಒಂದು ಹಳ್ಳಿಗೆ ಹೋದವನು ಆರು ದಿನವಾದರೂ ತಿರುಗಿ ಬಂದಿರಲಿಲ್ಲ.

ಆಯಿ ಬಾಗಿಲಲ್ಲೇ ನಿಂತಳು. "ಯವ್ವಾ, ನಮ್ಮ ಮನ್ಯಾಗೂ ಗಂಡಸರಿಲ್ಲ," ಎಂದಳು.

"ಅದಕ್ಕೇ ಇಲ್ಲಿ ಬಂದಾಳ," ಅತ್ತಿ ಹಿಂದಿನಿಂದ ಹೇಳಿದಳು. "ಗಂಡಸರಿಲ್ಲದ ಮನಿ ಹ್ಯಾಂಗಿರ್ತದಂತ ನಮಗ ತಿಳೀತದ. ಒಳಗ ಬಾ ತಂಗಿ. ಮೊದಲ ಕೂಸಿನ್ ಕೆಳಗ ಇಳಿಸು."

ಹೀಗೆ ನಮ್ಮ ಮನೆಯಲ್ಲಿ ಉಣ್ಣದ ಕೂಸುಗಳು ಎರಡಾದವು.

ಆ ಹುಡುಗಿ ನನ್ನ ತಮ್ಮನಿಗಿಂತ ಒಂದು ಕೈ ಮೇಲು. ಜೋಳದ ರೊಟ್ಟಿ ಮುಟ್ಟುವುದಿಲ್ಲ. ಗೋಧಿ ರೊಟ್ಟಿಯಾದರೂ ಅಂಚು ಕರಿದಿರಬಾರದು. ಮನೆಯಲ್ಲಿ ಬಿಟ್ಟು ಬಂದ ತಗಡಿನ ಬಟ್ಟಲೇ ಬೇಕು. ಖಾಲಾಗೆ ಹೆದರಿಕೆಯಿಂದ ಎದೆಹಾಲು ಬತ್ತಿತ್ತು. ಅವಳು ನಾಚಿಕೆಯಿಂದ ಸಣ್ಣಗಾಗಿ, "ಅಕ್ಕಾ, ಇಕಿ ಮನ್ಯಾಗ ಬೀ ಹಿಂಗೇ ರೀ. ನಿಮ್ಮ ರೊಟ್ಟಿ ಖರಾಬ್ ಅಂತಲ್ಲ," ಅನ್ನುತ್ತಿದ್ದಳು.

"ಕೂಸು ಅಂದ್ರ ಹಂಗೇ. ನೀ ಉಣ್ಣು," ಅತ್ತಿ ಅನ್ನುತ್ತಿದ್ದಳು. ದೊಡ್ಡವರಿಗೆ ಆ ಮಾತು ಅನ್ನಲು ಅವಳ ಅಡ್ಡಿಯಿರಲಿಲ್ಲ.

ಮೂರನೆಯ ಸಂಜೆ ನಾನೊಂದು ತಪ್ಪು ಮಾಡಿದೆ. ಆ ಹುಡುಗಿ ತಾಟು ದೂಡಿ ಬೇಳೆ ಚೆಲ್ಲಿದಳು, ನನ್ನ ಲಂಗದ ಮೇಲೆ ಬಿತ್ತು. ನನಗೆ ಸಿಟ್ಟು ಬಂದು, ಬಾಯಿಗೆ ಹಳೆಯ ಮಾತು ಬಂತು. "ಬಂದೂಕಿನವ ಬಂದ ನೋಡು! ಉಣ್ಣು!"

ತಮ್ಮನಾಗಿದ್ದರೆ ಬಾಯಿ ತೆರೆಯುತ್ತಿದ್ದ. ಅವಳು ಅಳಲಿಲ್ಲ ಕೂಡ. ಎದ್ದು ಓಡಿ, ಜೋಳ ತುಂಬಿಡುವ ಮಣ್ಣಿನ ಗುಮ್ಮಿಯ ಹಿಂದಿನ ಸಂದಿಯಲ್ಲಿ ಹೊಕ್ಕಳು. ಅಲ್ಲಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಳು. ಅಷ್ಟು ಸಣ್ಣ ಕೂಸಿಗೆ ಬಾಯಿ ಮುಚ್ಚಿಕೊಳ್ಳುವುದನ್ನು ಯಾರೋ ಕಲಿಸಿದ್ದರು. ಖಾಲಾ ತಲೆ ಬಗ್ಗಿಸಿದಳು. ಯಾರು ಕಲಿಸಿದ್ದೆಂದು ನಮಗೆಲ್ಲ ತಿಳಿಯಿತು.

ಅತ್ತಿ ನನ್ನನ್ನು ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ನನ್ನ ತಾಟು ಎತ್ತಿ ಗುಮ್ಮಿಯ ಪಕ್ಕಕ್ಕಿಟ್ಟು, "ನೀ ಅಂಜಿಸೀದಿ. ನೀನೇ ಇಲ್ಲಿ ಕೂತು ಉಣ್ಣು. ಆಕಿ ಕಡೀ ನೋಡಬ್ಯಾಡ, ಮಾತಾಡಸಬ್ಯಾಡ. ಆಕಿ ಹೊರಗ ಬರೂತನಾ ದಿನಾ ಇಲ್ಲೇ," ಎಂದಳು. ತನ್ನ ತಾಟನ್ನೂ ತಂದು ನನ್ನ ಪಕ್ಕ ಕೂತಳು. ಹಾಗೆ ನಾವಿಬ್ಬರು ಮೂರು ಸಂಜೆ ಗುಮ್ಮಿಗೆ ಬೆನ್ನು ಹಚ್ಚಿ ಉಂಡೆವು. ಮೂರನೆಯ ಸಂಜೆ ಹಿಂದಿನಿಂದ ಒಂದು ಸಣ್ಣ ಕೈ ಬಂದು ನನ್ನ ಜಡೆಯ ತುದಿ ಹಿಡಿಯಿತು. ನಾನು ಹಂದಾಡಲಿಲ್ಲ. ಉಂಡು ಮುಗಿದ ಮೇಲೂ ಬಹಳ ಹೊತ್ತು ಹಾಗೇ ಕೂತೆ.

ಮರುದಿನ ಹುಡುಗಿ ಸಂದಿಯಿಂದ ಹೊರಗೆ ಬಂದಳು, ಅತ್ತಿ ಹೊಸದೊಂದು ಮಾಡಿದಳು. ಒಲೆಯ ಮುಂದೆ ಪರಾತ ಇಟ್ಟು ಜೋಳದ ಹಿಟ್ಟು ನಾದುವಾಗ ಎರಡು ಸಣ್ಣ ಉಂಡೆ ತೆಗೆದು, ಒಂದನ್ನು ತಮ್ಮನಿಗೆ, ಒಂದನ್ನು ಆ ಹುಡುಗಿಗೆ ಕೊಟ್ಟಳು. ಬಡಿಯಿರಿ ಅಂತಲೂ ಹೇಳಲಿಲ್ಲ. ಅವು ಅತ್ತಿಯ ಕೈ ನೋಡಿ ತಾವೂ ಟಪಟಪ ಬಡಿದವು. ನೆಲದ ಮಣ್ಣು, ಮೂಗಿನ ನೀರು ಎಲ್ಲ ಸೇರಿ ಹಿಟ್ಟು ಬೂದಿಬಣ್ಣಕ್ಕೆ ತಿರುಗಿತು. ಅವ್ವ "ಇಸ್ಸಿ" ಅಂದಳು. ಅತ್ತಿ ಆ ಎರಡು ಅಂಗೈಯಗಲದ ರೊಟ್ಟಿಗಳನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ, ಕೆಂಡದ ಮೇಲೆ ಉಬ್ಬಿಸಿ, ಬೆಳೆದವರ ರೊಟ್ಟಿಗೆ ಕೊಡುವಷ್ಟೇ ಗಮನ ಕೊಟ್ಟು ಬೇಯಿಸಿದಳು. ಎರಡು ತಾಟಿನಲ್ಲಿ ಇಟ್ಟು ಮಕ್ಕಳನ್ನು ಎದುರುಬದುರು ಕೂಡಿಸಿ ತನ್ನ ಕೆಲಸಕ್ಕೆ ತಿರುಗಿದಳು.

ತಮ್ಮ ತನ್ನ ರೊಟ್ಟಿಯನ್ನು ನೋಡಿದ. ಮುರಿದಿರಲಿಲ್ಲ, ದೊಡ್ಡದೂ ಇರಲಿಲ್ಲ. ಎತ್ತಿ ಆ ಹುಡುಗಿಯ ಬಾಯಿಗೆ ಹಿಡಿದ. ಅವಳು ಕಚ್ಚಿದಳು. ತನ್ನದು ಹೋಯಿತೆಂದು ಅವನು ಅವಳ ತಾಟಿನದನ್ನು ಎತ್ತಿ ಕಚ್ಚಿದ. ಅವಳು ಕಿರುಚಿದಳು. ಐದು ನಿಮಿಷದಲ್ಲಿ ಎರಡೂ ತಾಟು ಖಾಲಿ. ಅವ್ವ ಕಣ್ಣೀರು ಒರೆಸಿಕೊಂಡಳು. ಅತ್ತಿ ತಿರುಗಿ ಸಹ ನೋಡಲಿಲ್ಲ. ಆದರೆ ನಾನು ಅವಳ ಪಕ್ಕದಲ್ಲೇ ಇದ್ದೆ, ಒಲೆಯ ಬೆಳಕಿನಲ್ಲಿ ಅವಳ ಮುಖ ಕಂಡಿತ್ತು.

ಆಮೇಲಿನ ಸಂಜೆಗಳು ನನ್ನ ಬಾಲ್ಯದಲ್ಲೇ ಎಲ್ಲಕ್ಕಿಂತ ಬೆಚ್ಚಗಿನ ಸಂಜೆಗಳು. ಹೊರಗೆ ಮಳೆ ಹಿಂದೆ ಸರಿದು ತಂಪು ಗಾಳಿ ಶುರುವಾಗಿತ್ತು. ದೀಪ ಹಚ್ಚುವ ಮೊದಲೇ ಉಂಡು ಮುಗಿಸಬೇಕು, ಬೆಳಕು ಕಂಡರೆ ಅಪಾಯವೆಂದು. ಹೊಸ ಹೆಸರುಬೇಳೆ, ಹಸಿ ಶೇಂಗಾ ಅರೆದ ಹಿಂಡಿ, ಪುಂಡಿಪಲ್ಯ. ಮಕ್ಕಳಿಗೆ ಸಾಸಿವೆಯಿಲ್ಲದ ಬೇಳೆ ಬೇರೆ ಗಡಿಗೆಯಲ್ಲಿ. "ಅವುಕ್ಕ ಬ್ಯಾಡಂದ್ರ ಬ್ಯಾಡ. ಸಾಸಿವಿ ತಿನ್ನದೇ ಯಾರೂ ಸತ್ತಿಲ್ಲ," ಅನ್ನುತ್ತಿದ್ದಳು ಅತ್ತಿ. ಒಂದು ದಿನ ಮಿಕ್ಕ ರೊಟ್ಟಿಗೆ ಬೆಲ್ಲ ತುಪ್ಪ ಹಾಕಿ ಕುಟ್ಟಿದಾಗ ಆಯಿ ಅದನ್ನು ಮಾದಲಿ ಅಂದಳು, ಖಾಲಾ ಮಲೀದಾ ಅಂದಳು. ಇದು ನಮ್ಮದು ಎಂದು ಇಬ್ಬರೂ ಮೊದಲ ಬಾರಿ ಜಗಳಾಡಿ ನಕ್ಕರು. ಮಕ್ಕಳು ಎರಡೂ ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ.

ಆಯಿ ಬದಲಾದಳೆಂದು ನಾನು ಹೇಳಲಾರೆ. ಲಿಂಗಪೂಜೆ ಮುಗಿಸಿ ತನ್ನ ತಾಟು ಬೇರೆಯೇ ಇಟ್ಟುಕೊಂಡು ಉಣ್ಣುವುದನ್ನು ಅವಳು ಕೊನೆಯವರೆಗೂ ಬಿಡಲಿಲ್ಲ. ಖಾಲಾ ಒಲೆಯ ಹತ್ತಿರ ಬಂದರೆ ಅವಳ ಹುಬ್ಬು ಏರುತ್ತಿತ್ತು. ಆದರೆ ಅನ್ನ ಮಾಡುವ ದಿನ ಮೊರ ಹಿಡಿದು ಕೂತು, ಮಂಜುಗಣ್ಣಿನಿಂದ ಆ ಹುಡುಗಿಯ ಪಾಲಿನ ಅಕ್ಕಿಯ ಹರಳನ್ನು ಒಂದೊಂದಾಗಿ ಹೆಕ್ಕುತ್ತಿದ್ದಳು.

ತಮ್ಮ ಆ ಹುಡುಗಿಯಿಂದ ಒಂದು ಮಾತು ಕಲಿತ. ಹೋರ್. ನಮ್ಮ ಕಡೆಯ ಮುಸಲ್ಮಾನರ ಮನೆಮಾತಾದ ದಖನಿಯಲ್ಲಿ 'ಇನ್ನೂ' ಎಂದು ಅರ್ಥ. ಅವಳಿಗೆ ರೊಟ್ಟಿ ಮುಗಿದರೆ ತಾಟು ಎತ್ತಿ ಹೋರ್ ಅನ್ನುತ್ತಿದ್ದಳು. ಹುಟ್ಟಿದಾಗಿನಿಂದ ಒಮ್ಮೆಯೂ ಊಟ ಕೇಳದ ನನ್ನ ತಮ್ಮ ಬಾಯಿಯೊಳಗೇ ಆ ಮಾತನ್ನು ಗುನುಗತೊಡಗಿದ.

ಇಪ್ಪತ್ತು ದಿನ ಕಳೆದಿರಬೇಕು. ಸಂಜೆ ಒಲೆಯ ಹೊಗೆ ಹೋಗಲೆಂದು ಮುಂಬಾಗಿಲು ತೆರೆದಿತ್ತು. ನಾಲ್ಕು ಮಂದಿ ನೇರ ಪಡಸಾಲೆಯ ಬಾಗಿಲಿಗೆ ಬಂದು ನಿಂತರು. ಮೂವರ ಕೈಯಲ್ಲಿ ಬಡಿಗೆ, ಒಬ್ಬನ ಕೈಯಲ್ಲಿ ಕೊಡಲಿ. ಖಾಲಾ ಗುಮ್ಮಿಯ ಹಿಂದೆ ಸರಿದಳು. ಮಕ್ಕಳನ್ನು ಎತ್ತಲು ಹೊತ್ತಿರಲಿಲ್ಲ. ಅವು ಒಲೆಯ ಮುಂದೆ ಎದುರುಬದುರು ಕೂತಿದ್ದವು.

"ದರ್ಜಿ ಮನಿ ಮಂದಿ ಇಲ್ಲಿ ಅದಾರಂತ?"

ಅತ್ತಿ ಏಳಲಿಲ್ಲ. ಕೈ ಹಿಟ್ಟಾಗಿತ್ತು. "ಅಣ್ಣಾ, ಕೂಸುಗಳು ಉಣ್ಲಕತ್ತಾವ. ಜರಾ ಬೆಳಕ ಬಿಟ್ಟು ನಿಲ್ರಿ," ಎಂದಳು.

ಕೊಡಲಿಯವನು ಸರಿದು ನಿಂತ. ಅಷ್ಟು ಸಹಜವಾಗಿ ಹೇಳಿದ್ದಳು.

"ಈ ಹುಡುಗಿ ಯಾರ್ದು?"

"ನಂದು."

ಅವರಲ್ಲೊಬ್ಬನಿಗೆ ನಮ್ಮ ಮನೆಯ ಗುರುತಿತ್ತು. "ನಿಂಗ ಮಕ್ಕಳಾಗಿಲ್ಲ ಅಲಾ?" ಎಂದ.

ಅತ್ತಿಯ ಕೈ ಹಿಟ್ಟಿನ ಮೇಲೆ ನಿಂತಿತು. ಆಗ ಆಯಿ ಮಾತಾಡಿದಳು. ಅವಳು ಪೂಜೆಗೆ ಕೂತಿದ್ದಳು, ಅಂಗೈಯಲ್ಲಿ ಲಿಂಗವಿತ್ತು. ಸುಳ್ಳು ಹೇಳಿದವರ ನೆರಳನ್ನೂ ತುಳಿಯದ ಹೆಂಗಸು. "ಔರಾದದಾಗಿನ ಇಕಿ ಭಾವನ ಕೂಸು ಅದು. ಹುಟ್ಟಿದಾಗಿಂದ ಇಕೀನೇ ಸಾಕ್ಯಾಳ. ಏನಾತು?"

ಅದೇ ಹೊತ್ತಿಗೆ ಹುಡುಗಿ ತಾಟು ಎತ್ತಿ ಹೇಳಿದಳು: "ಹೋರ್."

ನಾನು ಕಣ್ಣು ಮುಚ್ಚಿದೆ. ಆಗ ನನ್ನ ತಮ್ಮ ತನ್ನ ತಾಟನ್ನು ನೆಲಕ್ಕೆ ಬಡಿದು, ಮನೆ ಹಾರಿಹೋಗುವಂತೆ ಕೂಗಿದ. "ಹೋರ್! ಹೋರ್! ನಂಗ ಹೋರ್!"

ಅತ್ತಿ ನಕ್ಕುಬಿಟ್ಟಳು. ಅದು ಹೆದರಿಕೆಯ ನಗುವೋ ಖರೇ ನಗುವೋ ನನಗೆ ಇಂದಿಗೂ ತಿಳಿಯದು. "ನೋಡ್ರಿ, ಇಬ್ಬರೂ ಓಣಿ ಭಾಷಾನೇ ಮೊದಲ ಕಲ್ತಾರ," ಎಂದು ಒಂದೊಂದು ರೊಟ್ಟಿ ಎರಡೂ ತಾಟಿಗೆ ಹಾಕಿದಳು.

"ನಮ್ಮ ಮನ್ಯಾಗಿನವೂ ಹಿಂಗೇ ಅಂತಾವ," ಕೊಡಲಿಯವನು ಹೇಳಿದ. ಅವನ ದನಿ ಬೇರೆಯಾಗಿತ್ತು. ಮಕ್ಕಳು ಉಣ್ಣುವುದನ್ನು ಒಂದು ಗಳಿಗೆ ನೋಡಿ ಅವನೇ ಮೊದಲು ತಿರುಗಿದ. ಉಳಿದವರೂ ಅವನ ಹಿಂದೆ ಹೋದರು.

ಅತ್ತಿ ಮಕ್ಕಳು ಉಂಡು ಮುಗಿಸುವವರೆಗೂ ರೊಟ್ಟಿ ಬಡಿದಳು. ಇಬ್ಬರ ಬಾಯಿ ಒರೆಸಿದಳು. ಆಮೇಲೆ ಹಿತ್ತಲಿಗೆ ಹೋಗಿ ಗೋಡೆ ಹಿಡಿದು ಬಗ್ಗಿ ವಾಂತಿ ಮಾಡಿಕೊಂಡಳು. ನಾನು ಹಿಂದೆ ಹೋಗಿ ತಂಬಿಗೆಯಲ್ಲಿ ನೀರು ಕೊಟ್ಟೆ. "ವೈನಿಗಿ ಹೇಳಬ್ಯಾಡ," ಎಂದಳು. ಆ ಸಂಜೆಯ ಬಗ್ಗೆ ಅವಳು ಹೇಳಿದ್ದು ಅಷ್ಟೇ. ಮುಂದೆ ನಲವತ್ತು ವರ್ಷ ಬದುಕಿದಳು, ಯಾರ ಮುಂದೆಯೂ ಆ ಕಥೆ ಎತ್ತಲಿಲ್ಲ. ಆಯಿ ಮಾತ್ರ ಮರುದಿನ ಪೂಜೆಯಿಂದ ಬಹಳ ಹೊತ್ತು ಏಳಲಿಲ್ಲ. ಎದ್ದ ಮೇಲೆ, ಯಾರೂ ಕೇಳದಿದ್ದರೂ, "ಸುಳ್ಳು ಹೇಳ್ದೆ. ಮತ್ತ ಕೇಳಿದ್ರ ಮತ್ತ ಹೇಳ್ತೇನಿ," ಎಂದಳು. ಅವತ್ತಿನಿಂದ ಅತ್ತಿಯನ್ನು ಹಡೆಯದವಳು ಎಂದು ಅವಳು ಒಮ್ಮೆಯೂ ಅನ್ನಲಿಲ್ಲ.

ಅದಾಗಿ ಹತ್ತು ದಿನಕ್ಕೆ ಅಪ್ಪ ಬಂದ. ಗಡ್ಡ ಬೆಳೆದಿತ್ತು, ತಮ್ಮ ಅವನ ಗುರುತು ಹಿಡಿಯಲಿಲ್ಲ. ಅಪ್ಪ ಎಲ್ಲ ಕೇಳಿ, ಎರಡು ದಿನ ವಿಶ್ರಾಂತಿ ಪಡೆದು, ದರ್ಜಿಯನ್ನು ಹುಡುಕಲು ಔರಾದಕ್ಕೆ ಹೊರಟ. ಅತ್ತಿಯ ಭಾವ ನಾಲ್ಕಾರು ಹಳ್ಳಿ ವಿಚಾರಿಸಿದಾಗ ಅವನು ಸಿಕ್ಕ. ಬಟ್ಟೆ ಕೊಡಲು ಹೋಗಿದ್ದ ಮನೆಯ ರೈತನೇ ಅವನನ್ನು ಮೇವಿನ ಕೊಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ. ಸುಮ್ಮನೆ ಕೂಡಲಾರದೆ ದರ್ಜಿ ಆ ಮನೆಯವರ ಹರಿದ ಬಟ್ಟೆಗಳನ್ನೆಲ್ಲ ಸೂಜಿಯಲ್ಲಿ ಹೊಲಿದು ಕೊಟ್ಟಿದ್ದನಂತೆ. ಎಲ್ಲರಿಗೂ ಹೀಗೆ ಒಳ್ಳೆಯದಾಗಲಿಲ್ಲ. ನಮ್ಮ ಓಣಿಯಲ್ಲೇ ತಿರುಗಿ ಬಾರದವರಿದ್ದರು. ಅವರ ಮನೆಗಳು ಬಹಳ ವರ್ಷ ಬಾಗಿಲು ಮುಚ್ಚಿಕೊಂಡೇ ಇದ್ದವು.

ದೀಪಾವಳಿಯ ಹಿಂದಿನ ದಿನ ಅಪ್ಪ ಅವನನ್ನು ಕರೆತಂದ. ಖಾಲಾ ಬಾಗಿಲಲ್ಲೇ ಕುಸಿದು ಕೂತಳು. ಅವತ್ತು ಅತ್ತಿ ಗೋಧಿ ರೊಟ್ಟಿ, ಕಡುಬು, ಅನ್ನ, ಎಲ್ಲ ಮಾಡಿದಳು. ಹುಡುಗಿ ಮಾತ್ರ ತನ್ನ ಅಪ್ಪನ ತೊಡೆಯ ಮೇಲೆ ಕೂತು ಒಂದು ಅಗುಳನ್ನೂ ಬಾಯಿಗೆ ಹಾಕಲಿಲ್ಲ. ದರ್ಜಿ ಕಂಗಾಲಾಗಿ ತುತ್ತು ಹಿಡಿದು, "ಖಾ ಬೇಟಾ, ಖಾ," ಎಂದು ಅವನೂ ಉಣ್ಣು ಅನ್ನತೊಡಗಿದ. ನಾವೆಲ್ಲ ಒಟ್ಟಿಗೆ ಅವನನ್ನು ಸುಮ್ಮನಾಗಿಸಿದೆವು.

ಅವರು ಹೈದರಾಬಾದಿನ ನೆಂಟರ ಕಡೆ ಹೋದರು. ನಾವೆಲ್ಲ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿದೆವು. ಮುಂದಿನ ವರ್ಷ ಉರ್ದುವಿನಲ್ಲಿ ಒಂದು ಪತ್ರ ಬಂತು, ಅಪ್ಪ ಓದಿ ಹೇಳಿದ. ಹುಡುಗಿ ಅಲ್ಲಿಯೂ ತಾನೇ ಬಡಿದ ರೊಟ್ಟಿಯಲ್ಲದೆ ಬೇರೆ ತಿನ್ನುವುದಿಲ್ಲವಂತೆ, ನೆಂಟರೆಲ್ಲ ನಗುತ್ತಾರಂತೆ. ಆಮೇಲೆ ಪತ್ರ ಬರಲಿಲ್ಲ. ನಾವು ಬರೆದದ್ದು ತಲುಪಿತೋ ಇಲ್ಲವೋ ಗೊತ್ತಾಗಲಿಲ್ಲ.

ಅತ್ತಿ ಔರಾದಕ್ಕೆ ತಿರುಗಿ ಹೋಗಲಿಲ್ಲ. ನಮ್ಮ ಮನೆಯಲ್ಲೇ ಉಳಿದಳು. ಓಣಿಯ ತಾಯಂದಿರು ಉಣ್ಣದ ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡು ಸಂಜೆಯಾಗುತ್ತಲೇ ಬರುತ್ತಿದ್ದರು. ಅವಳು ಮದ್ದು ಕೊಡುತ್ತಿರಲಿಲ್ಲ, ಮಂತ್ರ ಹಾಕುತ್ತಿರಲಿಲ್ಲ. ಒಂದು ಹಿಟ್ಟಿನ ಉಂಡೆ ಕೊಟ್ಟು ತಾಯಿಯನ್ನು ಹೊರಗೆ ಕಟ್ಟೆಯ ಮೇಲೆ ಕೂಡಿಸುತ್ತಿದ್ದಳು.

ನಾನು ಮದುವೆಯಾಗಿ ಬೀದರಿಗೆ ಬಂದು, ಅಲ್ಲಿನ ಚಿದ್ರಿಯಲ್ಲಿ ಮನೆ ಮಾಡಿದ ಮೇಲೆ ನನಗೂ ಒಬ್ಬಳು ಮಗಳು ಹುಟ್ಟಿದಳು. ಎರಡು ವರ್ಷಕ್ಕೆ ಅವಳೂ ಊಟ ಬಿಟ್ಟಳು. ನಾನು ಗಾಬರಿಯಾಗಿ ಹೇಳಿ ಕಳಿಸಿದೆ. ಅತ್ತಿ ಬಂದು ಎಂಟು ದಿನ ಇದ್ದಳು. ಹಿಟ್ಟು ಕೊಟ್ಟಳು, ನನ್ನ ಮಗಳು ಅದನ್ನು ಬೆಕ್ಕಿಗೆ ತಿನ್ನಿಸಲು ಹೋದಳು. ಓಣಿಯ ಕೂಸನ್ನು ಎದುರು ಕೂಡಿಸಿದಳು, ಮಗಳು ತನ್ನ ಪಾಲನ್ನೂ ಅದಕ್ಕೇ ಉಣಿಸಿದಳು. ಎಂಟನೆಯ ದಿನ ಅತ್ತಿ ಸೀರೆ ಮಡಚಿ ಚೀಲಕ್ಕೆ ಹಾಕಿದಳು.

"ನನ್ನ ಕೈಲಿ ಆಗಂಗಿಲ್ಲವ್ವಾ. ಈ ಕೂಸು ನಂಗ ತಿಳೀವಲ್ದು," ಎಂದು ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೆ ಅದರಲ್ಲಿ ಏನೂ ಅವಮಾನ ಕಾಣಲಿಲ್ಲ. ಭಾಲ್ಕಿಗೆ ಹೋಗಿ ಕಂಡವರಿಗೆಲ್ಲ ಹೇಳಿದಳಂತೆ: ಬೀದರಿನಲ್ಲಿ ನನ್ನ ಮೊಮ್ಮಗಳೊಬ್ಬಳಿದ್ದಾಳೆ, ನನ್ನನ್ನು ಸೋಲಿಸಿ ಕಳಿಸಿದಳು, ಎಂದು.